ಮೊದಲ ಈಡು

ದೊಡ್ಡಹಬ್ಬದ ಕರಿ ಕಳೆದು ಮೂರನೇ ಬೆಳಗು.
ತೆನೆಗಟ್ಟಿದ ಗದ್ದೆಯ ಅಂಚಿನಲ್ಲಿ
ಗೊರಸಿನ ಗುಳಿಯ ನೀರು ಇನ್ನೂ ತಿಳಿಯಾಗಿರಲಿಲ್ಲ.
ಅಪ್ಪ ಕುಕ್ಕರುಗಾಲಲ್ಲಿ ಕೂತು ನಾಲ್ಕು ಬೆರಳು ಇಟ್ಟು ಅಳೆದ:
'ಕಡವೆ. ಗಂಡು. ಒಂಟಿ.
ಮೇಲಿನ ಕಾನಿಗೆ ಹತ್ತಿದೆ.'

ಚಾ ಕುದಿಯುವುದರೊಳಗೆ ಅಂಗಳ ತುಂಬಿತು.
ಕೇಪಿನ ಕೋವಿಯ ಗಾಮಪ್ಪಮಾವ,
ಹೊಳೆಯಾಚೆಯಿಂದ ಜೋಡುನಳಿಗೆಯ ಇನಾಸ,
ಕೋವಿಯಿಲ್ಲದೆ ಬಾಯಿ ಮಾತ್ರ ತಂದ ಕೆರಿಯಣ್ಣ,
ಸೋವಲು ಸೀಮೆಎಣ್ಣೆ ಡಬ್ಬ ಹಿಡಿದ
ಪ್ಯಾರುಸಾಬರ ಇಬ್ಬರು ಹುಡುಗರು.
ನಾಯಿಗಳು ಮೂರು: ಕರಿಯ, ಮೋತಿ,
ಮತ್ತೆ ಹೆಸರಿಡದ ಇನ್ನೊಂದು.

ತಮ್ಮನಿಗೆ ಜ್ವರ. ಬುತ್ತಿ ಹೊರಲು ನಾನು.
'ಹೆಣ್ಣುಕೂಸು ಬಂದರೆ ಬೇಟೆ ಆಗ್ತದಾ?' ಅಂದ ಕೆರಿಯಣ್ಣ.
'ಹಂಗಾದರೆ ರೊಟ್ಟಿ ಗಂಟು ನೀನೇ ಹೊರು,'
ಒಳಗಿನಿಂದ ಅವ್ವ.
ಮಾತು ಅಲ್ಲಿಗೇ ಮುಗಿಯಿತು.

ಗುಡ್ಡ ಹತ್ತುವಾಗಲೇ ಪಾಲು ಶುರುವಾಯಿತು.
ಕೆಡವಿದವನಿಗೆ ತಲೆ ಮತ್ತೊಂದು ತೊಡೆ,
ಕೋವಿಗೊಂದು ಪಾಲು, ಆಳಿಗೊಂದು, ನಾಯಿಗೊಂದು.
ಹೆಸರಿಲ್ಲದ ನಾಯಿಗೆ ಕೊಡಬೇಕೋ ಬೇಡವೋ
ಎಂಬ ತಕರಾರಿನಲ್ಲಿ ಅರ್ಧ ಗುಡ್ಡ ಏರಿದ್ದೆವು.
ಕೊಂಬು ಯಾರ ಜಗಲಿಗೆ ಎಂಬಲ್ಲಿ ಅಪ್ಪ ನಿಂತ:
'ಅದಿನ್ನೂ ಅದರ ತಲೆ ಮೇಲೇ ಇದೆ, ಮಾರಾಯ್ರೆ.'

ನನಗೆ ಮಾವನ ಬಿಲ್ಲು. ಹೊನ್ನೆಮರದ ಬುಡ,
ಕೆಳಗೆ ಸರಲು, ಆಚೆ ಒತ್ತಿನಿಂತ ವಾಟೆಮೆಳೆ.
ಅಲ್ಲಾಡಬೇಡ, ಉಸಿರು ಬಿಟ್ಟರೂ ಮೂಗಿನಲ್ಲೇ ಬಿಡು,
ಎಂದೆಲ್ಲ ಹೇಳಿದವನು ಮಾವನೇ.
ಹೊತ್ತು ಏರಿತು. ಉಂಬಳ ನನ್ನ ಹಿಮ್ಮಡಿ ಹತ್ತಿ
ಕುಡಿದು, ತೂಗಿ, ತಾನಾಗಿ ಬಿತ್ತು.
ದೂರದಲ್ಲಿ ಡಬ್ಬದ ಸದ್ದು,
ಹುಡುಗರ ಕೂಗು, ಮೋತಿಯ ಎರಡು ಬೊಗಳು,
ಮತ್ತೆ ಏನೂ ಇಲ್ಲ.

ಮಾವ ಕೋವಿಯನ್ನು ಮರಕ್ಕೆ ಒರಗಿಸಿದ.
ಬೀಡಿ ಹಚ್ಚಿದ.

ಅದು ಬಂದದ್ದು ಆಗ.
ಓಡಿ ಅಲ್ಲ, ಸಂತೆಗೆ ಹೊರಟವರ ಹಾಗೆ ನಡೆದು.
ಕತ್ತಿನ ಕೂದಲು ಒದ್ದೆ,
ಒಂದು ಕೊಂಬಿನ ತುದಿಗೆ ಸಿಕ್ಕಿದ ಭತ್ತದ ಹುಲ್ಲು,
ನಮ್ಮ ಗದ್ದೆಯದೇ ಇರಬೇಕು.
ಹತ್ತು ಮಾರು ದೂರದಲ್ಲಿ ನಿಂತು ಮಾವನನ್ನು ನೋಡಿತು.
ಮಾವ ಬೀಡಿ ಬಾಯಲ್ಲೇ ಇಟ್ಟುಕೊಂಡು,
ಕೋವಿಯ ಕಡೆ ಕೈಯೂ ಚಾಚದೆ,
ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಕೇಳುವಂತೆ
ಕೇಳಿದ:
'ಓ, ಬಂದ್ಯಾ?'

ಅದು ಉತ್ತರ ಕೊಡಲಿಲ್ಲ.
ಕಿವಿ ಒಮ್ಮೆ ತಿರುಗಿಸಿ, ಸರಲು ದಾಟಿ, ವಾಟೆಯೊಳಗೆ ಹೋಯಿತು.
ಮೆಳೆ ಮತ್ತೆ ಮುಚ್ಚಿಕೊಂಡ ಸದ್ದು ಕೇಳಿದ ಮೇಲೆ
ಮಾವ ಎದ್ದು, ಆಕಾಶಕ್ಕೆ ಹಿಡಿದು, ಈಡು ಹೊಡೆದ.
ಹೊನ್ನೆಯ ಎಲೆ ನಾಲ್ಕು ಉದುರಿದವು.

ಎಲ್ಲರೂ ಏದುತ್ತ ಬಂದರು. ರಕ್ತ ಹುಡುಕಿದರು.
'ಕೂಸು ಕೆಮ್ತು,' ಅಂದ ಮಾವ,
'ಇಲ್ದಿದ್ರೆ ತಲೆಗೇ ಇಟ್ಟಿದ್ದೆ.'
ಕೆರಿಯಣ್ಣ ಗೆದ್ದವನಂತೆ ನನ್ನ ನೋಡಿದ.
ಅಪ್ಪ ನೋಡಿದ್ದು ನೆಲದಲ್ಲಿ ಹೊಗೆಯಾಡುತ್ತಿದ್ದ ಬೀಡಿಯನ್ನು.
ಏನೂ ಅನ್ನಲಿಲ್ಲ.

ಪಾಲು ಹಂಚಲು ಉಳಿದದ್ದು ರೊಟ್ಟಿ,
ಒಣಸೀಗಡಿ ಚಟ್ನಿ. ಇನಾಸ ಲೆಕ್ಕ ಹಾಕಿ
ಕೋವಿಗೊಂದು, ಆಳಿಗೊಂದು ಎಂದು ಹಂಚಿ ನಗಿಸಿದ.
ಹೆಸರಿಲ್ಲದ ನಾಯಿಗೂ ಒಂದು ಸಿಕ್ಕಿತು.
ಇಳಿಯುವಾಗ ಮಾವ ನನ್ನ ಮುಷ್ಟಿಗೆ
ಬೆವರಿಗೆ ಅಂಟಿದ ಒಂದು ಪೆಪ್ಪರಮೆಂಟು ತುರುಕಿದ.

ಮುಂದಿನ ವರ್ಷ ನನ್ನ ಕರೆಯಲಿಲ್ಲ.
ಆಮೇಲೆ ಕಾಯ್ದೆ ಬಂತು.
ಕೋವಿ ಚುನಾವಣೆ ಬಂದಾಗಲೆಲ್ಲ
ಹೊಸನಗರದ ಠಾಣೆಗೆ ಹೋಗಿ ಚೀಟಿ ಕಟ್ಟಿಸಿಕೊಂಡು ಮಲಗಿತು,
ಮರಳಿ ಬಂದು ಅಟ್ಟದಲ್ಲಿ ಮಲಗಿತು.

ಮಾವನಿಗೆ ಮಕ್ಕಳಿರಲಿಲ್ಲ.
ಹೋದ ತಿಂಗಳು ತಿಥಿ ಮುಗಿಸಿ
ಕೋವಿಯನ್ನು ಗೋಣಿಯಲ್ಲಿ ಸುತ್ತಿ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನೇ ಒಪ್ಪಿಸಲು ಹೋದೆ.
ರೈಟರ್ ನನ್ನ ಮೊಮ್ಮಗನ ವಯಸ್ಸಿನವನು.
'ಕೊನೇ ಸಲ ಯಾವಾಗ ಹೊಡೆದದ್ದಮ್ಮಾ? ಯಾವುದಕ್ಕೆ?'

ಐವತ್ತು ವರ್ಷ ಕಾದ ಕೆಮ್ಮು
ಆಗ ಬಂತು ನೋಡಿ,
ನಿಲ್ಲಲೇ ಇಲ್ಲ.
ಅವನು ನೀರು ತಂದುಕೊಟ್ಟ.
ಕುಡಿದು ಹೇಳಿದೆ: 'ಆಕಾಶಕ್ಕೆ.'

ಆ ಕಾಲಮ್ಮಿನಲ್ಲಿ ಅವನು ಗೀಟೆಳೆದ.
ರುಜು ಹಾಕಿ ಅಂದ. ಹಾಕಿದೆ.