ಓಡು

ಲಂಗ ತೊಡುತ್ತಿದ್ದ ಕಾಲದಿಂದ ನನ್ನನ್ನು ಬಲ್ಲ ಡಾಕ್ಟರ್ ಬಾಯರಿ
ಚೀಟಿಯ ಕೆಳಗೆ ಗೀಚಿದ್ದರು:
ದಿನಾ ಅರ್ಧ ಗಂಟೆ ಓಡು.
ಚಾಮರಾಜಪೇಟೆಯ ಅಚ್ಚುಕೂಟದಲ್ಲಿ
ಮೂವತ್ತೊಂದು ವರ್ಷ ಕರಡು ತಿದ್ದಿದ ಕಣ್ಣು
ತಂತಾನೇ ಓದಿಕೊಂಡಿತು:
ದಿನಾ ಅರ್ಧ ಗಂಟೆ ಓದು.

ಎಷ್ಟು ಸಲ ತಿದ್ದಿಲ್ಲ ಈ ಒಂದಕ್ಷರವನ್ನು!
'ರಾಯರು ಸಂಜೆಯೆಲ್ಲ ಭಾಗವತ ಓಡಿದರು.'
'ಕಳ್ಳನು ಸಂದಿಯಲ್ಲಿ ಓದಿಹೋದನು.'
ಕೆಂಪು ಗೀಟು, ಅಂಚಿನಲ್ಲಿ ಸರಿ ಅಕ್ಷರ, ಮುಗಿಯಿತು.
ಅಭ್ಯಾಸಬಲ, ಪೆನ್ನಿಗೆ ಕೈ ಹೋಯಿತು.
ಅವರು ಕನ್ನಡಕದ ಮೇಲಿಂದ ನೋಡಿದರು:
"ಶುಗರ್ ಇನ್ನೂರ ನಲವತ್ತು. ಅದನ್ನೂ ತಿದ್ದುತ್ತೀಯಾ?"

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೂಟು ಕೊಂಡೆ, ಗಿಳಿಹಸಿರು,
ನನ್ನ ಯಾವ ಸೀರೆಗೂ ಹೊಂದದ್ದು.
ಕೃಷ್ಣರಾವ್ ಪಾರ್ಕು, ಬೆಳಗಿನ ಆರು ಗಂಟೆ.
ಎದೆಯೊಳಗೆ ಯಾರೋ ನೀರಿಲ್ಲದೆ ಅಕ್ಕಿ ರುಬ್ಬಿದರು.
ಕೊಡೆ ಹಿಡಿದ ಮುದುಕರೊಬ್ಬರು
ನಡೆಯುತ್ತಲೇ ನನ್ನನ್ನು ದಾಟಿದರು,
ಒಂದು ಸುತ್ತು ಬಳಸಿ ಬಂದು ಮತ್ತೆ ದಾಟಿದರು,
ಈ ಸಲ ನಮಸ್ಕಾರ ಹೇಳಿ.

ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ.
ಒಂಬತ್ತು ಇಪ್ಪತ್ತರ ಬಸ್ಸು ಎಲ್ಲೂ ಹೊರಟಿರಲಿಲ್ಲ.
ಹೊರಟ ಬೆಂಚಿಗೇ ಬಂದು ಬೀಳಲು
ಇಷ್ಟು ಅವಸರವೇ?

"ಹತ್ತು ದಿನ ತಡಿ, ರುಚಿ ಹತ್ತುತ್ತೆ,"
ಅಂದಳು ಮೇಲಿನ ಮನೆಯ ವೈಜಯಂತಿ.
ಹಾಗಲಕಾಯಿಗೂ ಹೀಗೇ ಹೇಳಿದ್ದಳು.
ಹತ್ತು ದಿನ ತಿಂದಿದ್ದೆ.
ಹನ್ನೊಂದನೆಯ ದಿನ ಹಾಗಲಕಾಯಿ
ಹಾಗಲಕಾಯಿಯೇ ಆಗಿತ್ತು.

ಹನ್ನೆರಡನೆಯ ಬೆಳಗ್ಗೆ, ಲೇಸು ಬಿಚ್ಚಿ ಎಳೆದಾಡುತ್ತ
ಐದನೇ ಮೇನಿನಲ್ಲಿ ಮನೆ ಕಡೆ ಬರುತ್ತಿದ್ದೆ.
ಕೆಡವಿದ ಮನೆಯೊಂದರ ಮುಂದೆ ಹೆಂಚಿನ ರಾಶಿ, ತಗಡಿನ ಶೆಡ್ಡು.
ಸೈಟು ಕಾಯುವ ಕೊಪ್ಪಳದವರ ಮಗಳು ಹುಲಿಗೆಮ್ಮ
ಇಟ್ಟಿಗೆ ಚೂರಲ್ಲಿ ರಸ್ತೆಯ ಮೇಲೆ ಎಂಟು ಮನೆ ಬರೆದು
ಒಬ್ಬಳೇ ಕುಂಟುತ್ತಿದ್ದಳು.
ನಿಂತೆ. ದಮ್ಮು ತೆಗೆದುಕೊಳ್ಳಲು, ಅಷ್ಟೇ.
"ಬರತೈತೇನ್ರಿ ಆಂಟಿ?"

ಬರತೈತೇನು ಅಂತ ಕೇಳುತ್ತಾಳೆ!
ಬೂಟು ಬಿಚ್ಚಿದೆ, ಸೆರಗು ಸಿಕ್ಕಿಸಿದೆ.
ರಾಶಿಯಿಂದ ಚೂರೊಂದನ್ನು ಆರಿಸಿ ಕೊಟ್ಟಳು:
"ಈ ಓಡು ತಗೋರಿ, ಚಲೋ ಜಾರತೈತಿ."
ಒಂದು ಕ್ಷಣ ಕೈಯಲ್ಲೇ ಹಿಡಿದು ನಿಂತೆ.
ಒತ್ತಿಲ್ಲ, ದೀರ್ಘವಿಲ್ಲ, ಅಚ್ಚಿನ ದೋಷವಿಲ್ಲ.
ಹೌದು. ಓಡು.

ಮೂರನೇ ಮನೆಗೆ ಬಿತ್ತು ಬಿಲ್ಲೆ.
ನಲವತ್ತೆರಡು ವರ್ಷದ ಹಿಂದೆ ಮಡಿಚಿಟ್ಟ ಎಡಗಾಲು
ಇಸ್ತ್ರಿ ಕೆಡದೆ ಹಾಗೇ ಇತ್ತು.
ಮೊಣಕಾಲು ಏನೋ ಗೊಣಗಿತು; ಕೇಳಿಸಿಕೊಳ್ಳಲಿಲ್ಲ.
ಕಸದ ಗಾಡಿ ಬಂತು, ಹಾರ್ನು ಹೊಡೆಯಿತು,
ನಮ್ಮ ಗೆರೆ ತುಳಿಯದೆ ಬದಿಗೆ ಹೊರಳಿ ಹೋಯಿತು.
ಕುಪ್ಪಸ ಬೆನ್ನಿಗೆ ಅಂಟಿತ್ತು.
ಗಡಿಯಾರ ನೋಡಿದರೆ ಏಳೂ ಮುಕ್ಕಾಲು;
ಹಾಲಿನ ಪಾಕೆಟ್ಟು ಹೊಸ್ತಿಲಲ್ಲೇ ಬೆಚ್ಚಗಾಗಿರಬೇಕು.

ಕೊನೆಗೆ ಬಿಲ್ಲೆ ಹಣೆಯ ಮೇಲೆ, ಮುಖ ಆಕಾಶಕ್ಕೆ,
ಕಣ್ಣು ಮುಚ್ಚಿ, ಕಾಣದ ಗೆರೆಗಳ ನಡುವೆ ಹೆಜ್ಜೆ.
"ರೈಟಾ?"
"ರೈಟು."
"ರೈಟಾ?"
"ರೈಟ್ರಿ, ಬರ್ರಿ ಬರ್ರಿ."
ಊರವರ ತಪ್ಪು ಹುಡುಕಿ ಸಂಬಳ ತಿಂದವಳು
ಏಳು ವರ್ಷದ ಹುಡುಗಿಯ ಬಾಯಿಂದ
ಎಂಟು ಸಲ ಸರಿ ಅನ್ನಿಸಿಕೊಂಡೆ.

ಬೆನ್ನು ಹಾಕಿ ಎಸೆದದ್ದು ಐದನೆಯದಕ್ಕೆ ಬಿತ್ತು.
ಬೆಂಗಳೂರಿನಲ್ಲಿ ನನ್ನದೇ ಆದ ಮೊದಲ ಮನೆ,
ಸಾಲವಿಲ್ಲ, ನೋಂದಣಿಯಿಲ್ಲ.
ಮರುದಿನದ ಮಳೆಗೆ ಅಳಿಸಿಹೋಯಿತು;
ಮತ್ತೆ ಬರೆದೆವು.

ಬೂಟು ಈಗ ವೈಜಯಂತಿಯ ಮಗನ ಕಾಲಲ್ಲಿದೆ.

ಮೂರು ತಿಂಗಳ ಮೇಲೆ, ಡಾಕ್ಟರ್ ಬಾಯರಿ
ವರದಿ ನೋಡಿದರು: ನೂರ ಎಂಬತ್ತೆಂಟು.
ಹೊಗಳಲಿಲ್ಲ. ಬೈಯಲೂ ಇಲ್ಲ.
"ಪಾರ್ಕಿನಲ್ಲಿ ನಿನ್ನನ್ನು ಕಂಡವರೇ ಇಲ್ಲ.
ನಾನು ಬರೆದುಕೊಟ್ಟದ್ದು ಏನು? ಓಡು."

"ಇದೆಯಲ್ಲ," ಎಂದು
ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.
ಅಂಚು ಸವೆದು ದುಂಡಗಾಗಿತ್ತು, ಕೆಂಪಗೆ.
ಅವರು ಎತ್ತಿಕೊಂಡರು. ಅಂಗೈಯಲ್ಲಿ ತೂಗಿದರು.
ಆಮೇಲೆ ಎಪ್ಪತ್ತೈದರ ಆ ಕಣ್ಣು ಮೆಲ್ಲಗೆ
ಕೋಣೆಯ ನೆಲಕ್ಕಿಳಿದು
ಕಲ್ಲಿನ ಚೌಕಗಳನ್ನು ಎಣಿಸತೊಡಗಿತು.