ಗೇರುಗುರುತು

ಅಜ್ಜನಿಗೆ ಓದು ಬರುತ್ತಿರಲಿಲ್ಲ.
ಕಾಡುಗೇರಿನ ಬೀಜಕ್ಕೆ ಸೂಜಿ ಚುಚ್ಚಿ
ಕಾಲರಿನ ಒಳಮೈಗೆ ಒಂದು ಚುಕ್ಕೆ, ಎರಡು ಗೀಟು,
ಗೀಟಿನ ಮೇಲೊಂದು ಕೊಂಬು.
ಕುಂಬಳೆಯ ಅರ್ಧ ಊರು ಅವನ ಲೆಕ್ಕದಲ್ಲಿ ಹೀಗೇ ಇತ್ತು.
ಶಾನುಭೋಗರು ಮೂರು ಚುಕ್ಕೆ,
ಮಾಪಿಳ್ಳೆ ಶಾಲೆಯ ಮಾಸ್ತರು ಅಡ್ಡಗೀಟು.
ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ,
ಕುದಿನೀರಿಗೂ ಸೌಳಿಗೂ ಜಗ್ಗದ ಲಿಪಿ.

ಅದನ್ನೇ ಕಟ್ಟಿಕೊಂಡು ನಲವತ್ತಮೂರರಲ್ಲಿ
ರೈಲು ಹತ್ತಿದ ದೂಮ ಮಡಿವಾಳ.
ತಿಂಗಳಿಗೆ ಹದಿನೆಂಟು ರೂಪಾಯಿ, ಊಟ ಬೇರೆ.
ಬಂಗಾಳದ ಆಚೆ ತುದಿ. ಊರಿನ ಹೆಸರು
ಅವನ ನಾಲಗೆಗೆ ಕಡೆಗೂ ಹೊರಳಲಿಲ್ಲ,
ವಿಮಾನದ ಗದ್ದೆ ಅನ್ನುತ್ತಿದ್ದ.
ಗದ್ದೆಯೇ ಅಂತೆ ಅದು,
ಪೈರು ಕಿತ್ತು ಕೆಂಪು ಜಲ್ಲಿ ಹಾಸಿದ್ದು.

ರಾತ್ರಿ ದೀಪವಿಲ್ಲ.
ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೂ ಅಪ್ಪಣೆಯಿಲ್ಲ.
ಗಂಜಿ ಹಾಕಿದ ಅಂಗಿಗಳನ್ನು ಒದ್ದೆಯಲ್ಲೇ ಸುತ್ತಿಟ್ಟು
ಮಡಿವಾಳರೆಲ್ಲ ಕತ್ತಲಲ್ಲಿ ಕೂತು
ಕಿವಿಯಿಂದ ಎಣಿಸುವರು.
ಒಂದೊಂದರ ಗಂಟಲೂ ಬೇರೆ.
ಕೆಮ್ಮುವುದು ಒಂದು, ಗೊಗ್ಗರು ದನಿಯದು ಒಂದು,
ಮಗು ರಚ್ಚೆ ಹಿಡಿದ ಹಾಗೆ ಒಂದು.
ಆ ರಾತ್ರಿ ಹೋದದ್ದು ಹನ್ನೊಂದು.
ಬೆಳಗಿನ ಜಾವ ಬಂದದ್ದು ಹತ್ತು.

ಇನ್ನೊಂದಕ್ಕೆ ಕಾದರು.
ಬಿಸಿಲೇರಿತು, ಕಾಗೆಗಳು ಬಂದವು.
ಬಾರದ್ದು ಕೆಮ್ಮಿನದು.
ಅದರ ಎಂಟು ಜನರ ಅಂಗಿಯೂ ಅಜ್ಜನ ಪಾಲಿಗೆ ಬಂದವು.

ಆಗ ಏನು ಮಾಡಿದೆ ಅಜ್ಜ?
ಇಸ್ತ್ರಿ ಹಾಕಿದೆ.
ಮತ್ತೆಂಥ ಮಾಡುವುದು, ಒದ್ದೆ ಬಟ್ಟೆ,
ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ನಮ್ಮ ಕಡೆ, ಮಡಿವಾಳ ಮಡಿ ಕೊಡದೆ
ಯಾರ ಮನೆಯ ಸೂತಕವೂ ಬಿಡದು.
ಬೊಜ್ಜದ ಬೆಳಗ್ಗೆ ಅಂಗಳದಲ್ಲಿ ನಿಂತು
ಬಟ್ಟೆ ನೀಡಿದ ಕೈ ಅದು.
ಇಲ್ಲಿ ಹೆಣವಿಲ್ಲ, ಅಂಗಳವಿಲ್ಲ,
ತೆಗೆದುಕೊಳ್ಳಲು ಮಗನಿಲ್ಲ.
ಕಾಲರು, ಭುಜಪಟ್ಟಿ, ತೋಳು, ಬೆನ್ನು.
ಆ ಕ್ರಮದಲ್ಲೇ
ಎಂಟು ಸಲ.

ಹತ್ತು ಗಂಟೆಗೆ ಗುಮಾಸ್ತ ಪಟ್ಟಿ ಹಿಡಿದು ಬಂದ.
ಅವನು ಹೆಸರು ಓದಿದ, ಅಜ್ಜ ಗುರುತು ಓದಿದ.
ಒಂದಕ್ಕೊಂದು ಕೂಡಲಿಲ್ಲ.
ಅಷ್ಟರಲ್ಲಿ ಗುಡಾರದಿಂದ
ಕಂಬಳಿ ಹೊದ್ದು ನಡೆದು ಬಂದ
ಚುಕ್ಕೆಯ ಮೇಲೆ ಕೊಂಬು.
ಅಜ್ಜ ಕೂಗಿಯೇ ಬಿಟ್ಟನಂತೆ.

ಚಳಿಜ್ವರ.
ಅವನ ಜಾಗಕ್ಕೆ ಸಂಜೆ ಬೇರೊಬ್ಬ ಹತ್ತಿದ್ದ,
ಆವತ್ತೇ ಬಂದಿಳಿದ ಹುಡುಗ, ಪೆಟ್ಟಿಗೆ ಬಿಚ್ಚಿರಲಿಲ್ಲ,
ಒಗೆಯಲು ಒಂದು ಕರವಸ್ತ್ರವನ್ನೂ ಹಾಕಿರಲಿಲ್ಲ.

ಕೊಂಬಿನವನು ತನ್ನ ಅಂಗಿ ನೋಡಿದ, ಮುಟ್ಟಲಿಲ್ಲ.
ಎಂಟಕ್ಕೂ ದುಡ್ಡು ಎಣಿಸಿ
ಹಲಗೆಯ ಮೇಲಿಟ್ಟು ಹೋದ.
ಅಂಗಿಗೆ ಎರಡಾಣೆ, ಒಟ್ಟು ಒಂದು ರೂಪಾಯಿ.
ಸರಿಯಾದ ಲೆಕ್ಕ.
ಆ ಸರಿಯೇ ಅಜ್ಜನಿಗೆ ಸರಿಹೋಗಲಿಲ್ಲ,
ಸಾಯುವ ತನಕ.

ಈಗ ಲಾಂಡ್ರಿ ನನ್ನದು, ರೈಲ್ವೆ ಗೇಟಿನ ಹತ್ತಿರ.
ಎರಡು ಯಂತ್ರ, ಚೀಟಿಗೆ ನಂಬರು,
ಬೋರ್ಡು ಮಲಯಾಳದಲ್ಲಿ, ಕೆಳಗೆ ಸಣ್ಣಗೆ ಕನ್ನಡ,
ಬೈಗುಳ ತುಳುವಿನಲ್ಲಿ.
ಕೊಲ್ಲಿಯಿಂದ ಬಂದವರ ಬಿಳಿ ಕಂದೂರಗಳು
ಕೊಕ್ಕೆಗಳಲ್ಲಿ ಸಾಲಾಗಿ ತೂಗುತ್ತವೆ, ಒಳಗೆ ಯಾರೂ ಇಲ್ಲದೆ.
ಕೆಲವನ್ನು ಕೇಳಿಕೊಂಡು ಯಾರೂ ಬರುವುದಿಲ್ಲ.
ಆರು ತಿಂಗಳಾದರೆ ಜವಾಬ್ದಾರಿಯಿಲ್ಲ
ಎಂದು ಚೀಟಿಯ ಹಿಂದೆ ಅಚ್ಚು ಹಾಕಿಸಿದ್ದೇನೆ.

ಅಜ್ಜ ಹೋದ ವಾರ ಅವನ ಬೈರಾಸು ಒಗೆಯಲು ತೆಗೆದಾಗ
ಅಂಚಿನಲ್ಲಿ ಒಂದು ಗುರುತು ಕಂಡಿತು.
ಒಂದು ಸೊನ್ನೆ, ಕಡಲೆಕಾಳಿನಷ್ಟು, ಒಳಗೆ ಏನೂ ಇಲ್ಲ.
ಮನೆಯವರದಲ್ಲ, ಯಾವ ಗಿರಾಕಿಯದೂ ಅಲ್ಲ.
ಹಳೆಯ ಬೈರಾಸು ಹರಿದಾಗೆಲ್ಲ
ಹೊಸದಕ್ಕೂ ಅದನ್ನೇ ಹಾಕುತ್ತಿದ್ದನಂತೆ.

ಯಾರದು ಇದು, ಅಜ್ಜಿಯನ್ನು ಕೇಳಿದೆ.
ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದವಳು
ತಲೆಯೆತ್ತಲಿಲ್ಲ.
ಅದು ಒಬ್ಬರದು, ಅಂದಳು.
ಒಗೆಯಲು ಇನ್ನೂ ಹಾಕಿಲ್ಲ.