ಹೆಸರಿಲ್ಲದ ಬಸದಿಯ ಗೋಳಿಮರ

ಎರಡನೇ ಶನಿವಾರ. ಕಾರವಾರ ಬಂದರಿನ
ತೂಕದ ಪಟ್ಟಿಗಳನ್ನು ಮೇಜಿನ ಮೇಲೆ ಬೋರಲಿಟ್ಟು
ಹೊನ್ನಾವರದಲ್ಲಿ ಬಸ್ಸು ಬದಲಿಸಿ, ಶರಾವತಿ ದಾಟಿ
ಗೇರುಸೊಪ್ಪೆಯ ಕಾಡೊಳಗಿನ ಹಳೇ ಪೇಟೆ ನೋಡಲು ಬಂದಿದ್ದೇನೆ.

ತುಕ್ಕು ಹಿಡಿದ ಫಲಕದ ಕೆಳಗೆ ಹಮ್ಮು ಗೌಡ,
ದಿನಗೂಲಿ ಕಾವಲುಗಾರ.
ಕಿಸೆಯಲ್ಲೊಂದು ಸುಣ್ಣದ ಡಬ್ಬಿ:
ಅರ್ಧ ಕವಳಕ್ಕೆ, ಅರ್ಧ ಉಂಬಳಕ್ಕೆ.
"ಮೊದಲು ಕಾಡು, ಆಮೇಲೆ ಕಲ್ಲು" ಅಂದ.
"ಕಲ್ಲು ಎಲ್ಲಿಗೂ ಹೋಗೂದಿಲ್ಲ, ಬಾಯೋರೆ."

ಹಳ್ಳದ ಜೌಗಿನಲ್ಲಿ ರಾಮಪತ್ರೆಯ ಮರಗಳು,
ಬೇರು ಮಡಚಿ ನೀರಿಂದ ಮೇಲೆದ್ದು
ಅಳಿವೆಯಲ್ಲಿ ಸೀರೆ ಎತ್ತಿಕಟ್ಟಿ
ಬೆಳಚು ಹೆಕ್ಕುವ ಹೆಂಗಸರ ಮೊಣಕಾಲಿನ ಹಾಗೆ.
ಎಷ್ಟು ವರ್ಷದ್ದು ಎಂದೆ.
"ಬರೆದಿಟ್ಟವರು ಯಾರು?
ನಮ್ಮಜ್ಜ ಹುಡುಗ ಇದ್ದಾಗಲೂ ಇದು ಮುದುಕನೇ."
ಮೇಲೆಲ್ಲೋ ಸಿಂಗಳೀಕ ಕೆಮ್ಮಿತು.
ಅದಕ್ಕೆ ಗೊತ್ತಿರಬೇಕು, ಹೇಳಲಿಲ್ಲ.

ದರಕು ಸರಿಸಿದರೆ ಚಿರೆಕಲ್ಲಿನ ಸಾಲು: ಬೀದಿ.
ಒಂದು ತಿರುವು, ಒಂದು ಬಾವಿ.
ಬಾಯಿಕಲ್ಲಿನ ಮೇಲೆ ಹಗ್ಗ ತಿಂದ ಗೀರುಗಳು, ಹನ್ನೊಂದು.
(ಎಣಿಸುವುದು ನನ್ನ ಉದ್ಯೋಗದ ರೋಗ.)
ಎಲ್ಲಕ್ಕಿಂತ ಆಳದ್ದರಲ್ಲಿ ತೋರುಬೆರಳಿಟ್ಟೆ,
ಎರಡನೇ ಗೆಣ್ಣಿನವರೆಗೆ ಇಳಿಯಿತು.
ಯಾರದೋ ಮನೆಯಲ್ಲಿ ಬಾಯಾರಿಕೆ ಹೆಚ್ಚಿತ್ತು,
ಇಲ್ಲವೇ ಮಕ್ಕಳು.

ನಾಲ್ಕು ಬಾಗಿಲಿನ ಬಸದಿಯನ್ನು ಎಲ್ಲರೂ ನೋಡುತ್ತಾರೆ, ನಾನೂ ನೋಡಿದೆ.
ನಾಲ್ಕು ದಿಕ್ಕಿಗೆ ಕೂತ ನಾಲ್ವರಲ್ಲಿ
ಪಡುವಣದವನ ಎದುರು ಹಮ್ಮು ಬುತ್ತಿ ಬಿಚ್ಚುತ್ತಾನಂತೆ ದಿನಾ.
"ಫೋಟೋದವರು ಆ ಬದಿಗೆ ಬರೂದು ಕಮ್ಮಿ. ಪಾಪ, ಒಬ್ಬನೇ."
ಆಮೇಲೆ ದನಿ ತಗ್ಗಿಸಿ,
"ಬನ್ನಿ, ಹೆಸರಿಲ್ಲದ್ದೊಂದು ತೋರಿಸ್ತೇನೆ."

ಛಾವಣಿ ಇಲ್ಲ. ಒಂದೂವರೆ ಗೋಡೆ.
ಗೋಡೆಯ ಮೇಲೆ ಗೋಳಿಮರ, ಮಂಗಟ್ಟೆ ಬಿತ್ತಿದ್ದು:
ಕೊಂಬೆಗಳು ತಂತಿಬೇಲಿಯ ಒಳಗೆ, ಬೇರು ಹೊರಗೆ,
ನಡುವಿನ ಕಲ್ಲಲ್ಲಿ ಅರ್ಧ ಆನೆ,
ಇನ್ನರ್ಧವನ್ನು ಬೇರು ಅಪ್ಪಿಕೊಂಡಿದೆ.
ಬೇಲಿಯ ಒಳಗೆ ಚಿಗುರಿದ್ದನ್ನು ಕೀಳದಿದ್ದರೆ ಒಂದು ಇಲಾಖೆಯ ನೋಟೀಸು,
ಹೊರಗಿನದನ್ನು ಚಿವುಟಿದರೆ ಇನ್ನೊಂದರ ಕೇಸು.
"ಎರಡೂ ಕಡೆಯಿಂದ ಕಾಗದ ಬಂತು, ಮೊಹರು ಹಾಕಿದ್ದು.
ಎರಡನ್ನೂ ಇದೇ ಪೊಟರೆಯಲ್ಲಿಟ್ಟೆ.
ಅರಣ್ಯದವರದ್ದನ್ನು ಒರಲೆ ಮೊದಲು ತಿಂತು.
ಅಂಟು ಜಾಸ್ತಿ ಇತ್ತು ಅದಕ್ಕೆ."

ಮತ್ತೆ ಈ ಮರ?
ಅವನು ಕವಳ ಉಗಿದು ಬರುವವರೆಗೆ ಉತ್ತರವಿಲ್ಲ.
"ತೆಗೆದರೆ ಗೋಡೆ ಬೀಳ್ತದೆ. ಬಿಟ್ಟರೂ ಬೀಳ್ತದೆ.
ಬಿಟ್ಟರೆ, ನಾ ಸತ್ತ ಮೇಲೆ."

ಗೋಳಿಯ ಮೈಮೇಲೆ ಕಾಡುಮೆಣಸಿನ ಬಳ್ಳಿ,
ಆನೆಯ ಕಿವಿಯ ಹತ್ತಿರ ತೂಗುವ ಹಸಿರು ಕದಿರು.
ಇದಕ್ಕಾಗಿಯೇ ತಾನೇ
ಹಡಗುಗಳು ಗಾಳಿಗೆ ಕಾದದ್ದು, ರಾಣಿಗೆ ವೈರಿಗಳು ಹುಟ್ಟಿದ್ದು,
ಆ ಬಾವಿಯ ಹಗ್ಗ ಅಷ್ಟು ಸಲ ಇಳಿದದ್ದು.
ಹಮ್ಮು ಒಂದು ಕದಿರು ಮುರಿದು ಕೈಗಿಟ್ಟ:
"ಬಂದರಿನವರಲ್ಲವಾ, ತೂಗಿ ನೋಡಿ."
ಒಂದು ಕಾಳು ಜಗಿದೆ. ಮೊದಲು ಏನೂ ಇಲ್ಲ.
ಕಾಲುದಾರಿ ಮುಗಿಯುವಾಗ
ಕಿವಿಯ ಹಿಂದೆ ಉರಿ ಹತ್ತಿತು.

ಸೋಮವಾರ. ಡ್ರಾಯರಿನಲ್ಲಿ, ಬಸ್ಸಿನ ಟಿಕೆಟ್ಟಿನ ಮಡಿಕೆಯಲ್ಲಿ
ಕದಿರು ಆಗಲೇ ಕಪ್ಪಾಗುತ್ತಿದೆ. ಮೂವತ್ತೊಂದು ಕಾಳು.
ಕಿಟಕಿಯಾಚೆ ಹಡಗಿನಿಂದ ಡಾಂಬರು ಇಳಿಯುತ್ತಿದೆ,
ಟನ್ನುಗಳನ್ನು ಬರೆಯುತ್ತೇನೆ; ಬೆರಳು ಘಮ್ಮೆನ್ನುತ್ತದೆ.

ಮಧ್ಯಾಹ್ನ ಅಕಾಲದ ಗಾಳಿ. ಕಡಲು ಮಣ್ಣಿನ ಬಣ್ಣ.
ಹಮ್ಮುವಿಗೆ ಫೋನು ಹಚ್ಚಿದೆ, ಅಲ್ಲಿ ಸಿಗ್ನಲ್ ಇಲ್ಲ.
ಸಿಕ್ಕಿದ್ದರೂ ಎಂತ ಕೇಳುತ್ತಿದ್ದೆ,
ಗೋಡೆ ನಿಂತಿದೆಯಾ ಎಂದೋ, ಮರ ನಿಂತಿದೆಯಾ ಎಂದೋ,
ಇನ್ನೂ ತೀರ್ಮಾನಿಸಿಲ್ಲ.